ಇಪ್ಪತ್ತನಾಲ್ಕು ಡಿಗ್ರಿ

"ಮಾವ, ಹೀಗೆ ನೋಡ್ತಾ ಕೂತ್ರೆ ಡಬ್ಬ ತಾನಾಗಿ ಎದ್ದು ಬಂದು ಕಾರಲ್ಲಿ ಕೂರಲ್ಲ. ಯಾವುದು ಅಂತ ಹೇಳಿ," ಎಂದಳು ಮೇಸ್ತ್ರಿಯ ಅಕ್ಕನ ಮಗಳು. ಅವಳ ಕಾರ್ ರೇಸಿಗೆ ಉಳಿದಿದ್ದದ್ದು ಒಂದೇ ವಾರ.

ಕೆಲಸದ ಮೇಜಿನ ಮೇಲೆ ಅಂಗೈ ಅಗಲದ ಎರಡು ಅಲ್ಯೂಮಿನಿಯಂ ಡಬ್ಬಗಳಿದ್ದವು. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂದು ಅಪ್ಪಣೆ ಕೊಡುವ ಡಬ್ಬಗಳು. ಕಂಪನಿ ಕೊಟ್ಟದ್ದನ್ನು ಕಿತ್ತು ಇಂಥದನ್ನು ಕೂರಿಸಿದರೆ ಆ ಅಪ್ಪಣೆಯನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ನಮಗೆ ಬೇಕಾದ ಹಾಗೆ ಬರೆಯಬಹುದು. ಎಡಗಡೆಯದು ಹಳೆಯ ಮಾದರಿ. ಹೇಳಿದ್ದನ್ನು ಮಾಡುತ್ತದೆ, ತಪ್ಪು ಹೇಳಿದರೆ ಆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತದೆ. ಬಲಗಡೆಯದು ಹೊಸದು. ಅದು ತಾನೇ ಎಂಜಿನ್ನಿನ ಸದ್ದು ಕೇಳಿಸಿಕೊಂಡು, ಒಳಗೆ ನಾಕಿಂಗ್ ಶುರುವಾದರೆ ಯಾರನ್ನೂ ಕೇಳದೆ ಕಿಡಿಯನ್ನು ತಡಮಾಡುತ್ತದೆ.

ಮೇಸ್ತ್ರಿಗೆ ಬೇಕಾಗಿದ್ದದ್ದು ಬಲಗಡೆಯದು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು.

ಗ್ಯಾರೇಜಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಎಂದು. ಎಂಜಿನ್ನಿಗೆ ಒಂದು ತಾಮ್ರದ ಕೊಳವೆ ಬಿಗಿದು, ಅದಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಕಿಟಕಿಯಿಂದ ಒಳಗೆಳೆದು ಕಿವಿಗೆ ಹಾಕಿಕೊಳ್ಳುತ್ತಿದ್ದ. ಡಾಕ್ಟರ ಸ್ಟೆತಾಸ್ಕೋಪಿಗೆ ದೊಡ್ಡಪ್ಪ ಆಗಬೇಕು, ಅಂಥ ಸಾಧನ. ಕಿಡಿಯನ್ನು, ಎಂಜಿನ್ನು ತಿರುಗುವ ಲೆಕ್ಕದಲ್ಲಿ, ಒಂದೊಂದೇ ಡಿಗ್ರಿ ಮುಂಚಿತವಾಗಿ ಹಚ್ಚುತ್ತ ಹೋದರೆ ಎಂಜಿನ್ನಿನ ಬಲ ಏರುತ್ತದೆ. ಅತಿಯಾದರೆ ಒಳಗಿನಿಂದ ಡಬ್ಬಿಯಲ್ಲಿ ಸಣ್ಣ ಕಲ್ಲು ಆಡಿಸಿದಂಥ ಸದ್ದು ಬರುತ್ತದೆ. ಅದೇ ನಾಕಿಂಗ್. ಆ ಸದ್ದಿನೊಂದಿಗೆ ಕಾರು ಒಂದೆರಡು ಸುತ್ತು ಪೂರ್ತಿ ವೇಗದಲ್ಲಿ ಓಡಿದರೆ ಪಿಸ್ಟನ್ ಪುಡಿ. ಮೂವತ್ತು ವರ್ಷ ಕಿವಿ ಮೇಸ್ತ್ರಿ ಆ ಕಲ್ಲಿನ ಸದ್ದನ್ನು ಎಲ್ಲರಿಗಿಂತ ಮೊದಲು ಕೇಳಿದ್ದ.

ಮೂರು ತಿಂಗಳ ಹಿಂದೆ ಒಂದು ಹಳದಿ ಕಾರು ಬಂದಿತ್ತು. ಮೇಸ್ತ್ರಿ ಕಿವಿಗೊಟ್ಟು ಕೇಳಿದ, ಏನೂ ಇಲ್ಲ ಎಂದ, ಕಳಿಸಿದ. ಎರಡನೇ ಸುತ್ತಿನಲ್ಲಿ ಪಿಸ್ಟನ್ ಒಡೆದು, ಕಾರು ತನ್ನದೇ ಎಣ್ಣೆಯ ಮೇಲೆ ಜಾರಿ ಗಿರಗಿರ ತಿರುಗಿ, ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತು. "ಪೆಟ್ರೋಲು ಕಲಬೆರಕೆ," ಎಂದ ಮೇಸ್ತ್ರಿ. ಎಲ್ಲರೂ ನಂಬಿದರು. ಮರುದಿನ ಅವನು ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದ.

"ಮಾತು ಕೇಳೋಕೆ ಏನೂ ತೊಂದರೆ ಇಲ್ಲ," ಎಂದಿದ್ದರು ಡಾಕ್ಟರು. "ತೀರಾ ಸಣ್ಣ, ತೀಕ್ಷ್ಣ ಸದ್ದುಗಳು ಮಾತ್ರ ಹೋಗಿವೆ. ಅದರಿಂದೇನೂ ಕಷ್ಟ ಆಗಲ್ಲ ಬಿಡಿ. ಏನು ಕೆಲಸ ಮಾಡ್ತೀರಿ?"

"ಬಟ್ಟೆ ಅಂಗಡಿ," ಎಂದಿದ್ದ.

ಈಗ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಶುರುಮಾಡಿದ. "ಹೊಸದು ಹಾಕೋಣ ಕಣೇ. ಎಲ್ಲರೂ ಈಗ ಅದನ್ನೇ ಹಾಕ್ತಿದಾರೆ."

"ಎಲ್ಲರಿಗೂ ನಿಮ್ಮಂಥ ಮಾವ ಇಲ್ಲ. ಅದಕ್ಕೇ ಹಾಕ್ತಾರೆ."

"ಕಾರು ಬಿಸಿಯಾದಾಗ ಒಳ್ಳೇದು ಅದು."

"ಅದು ಬರೀ ಪುಕ್ಕಲು ಡಬ್ಬ, ಮಾವ. ಚಕ್ರಕ್ಕೆ ಒಂದು ಕಲ್ಲು ಬಡಿದರೂ ನಾಕಿಂಗ್ ಅಂದ್ಕೊಂಡು, ತಿರುವಿನಿಂದ ಆಚೆ ಬರೋವಾಗ ಬಲ ಕಿತ್ಕೊಂಡುಬಿಡುತ್ತೆ. ಹಳದಿ ಕಾರಿನ ಕಥೆ ನೆನೆಸಿಕೊಂಡು ಹೆದರ್ತಿದೀರಾ? ನನ್ನ ಪೆಟ್ರೋಲು ನಾನೇ ತರ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಮೇಸ್ತ್ರಿ ಕಿವಿ ಮುಟ್ಟಿಕೊಂಡ. ಹಿಂದಿನ ದಿನವಷ್ಟೇ ಅಕ್ಕ ಫೋನ್ ಮಾಡಿದ್ದಳು. "ಬೇಡ ಅಂದ್ರೆ ಕೇಳೋಳಲ್ಲ ಅವಳು. ನಿನ್ನ ಕಿವಿ ಇದೆ ಅನ್ನೋ ಧೈರ್ಯದ ಮೇಲೆ ಬಿಟ್ಟಿದೀನಿ ನೋಡು," ಎಂದಿದ್ದಳು. ಈಗಲಾದರೂ ಹೇಳಿಬಿಡಬೇಕಿತ್ತು. ಅವನು ಹೇಳಲಿಲ್ಲ.

"ಸರಿ, ಹಳೇದೇ ಆಗಲಿ," ಎಂದ. ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು.

ಯಾವ ಡಬ್ಬಕ್ಕಾದರೂ ಸೇರುವ ವೈರುಗಳನ್ನೆಲ್ಲ ಜೋಡಿಸಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬೆಳಿಗ್ಗೆ ಕಾರನ್ನು ರೋಲರುಗಳ ಮೇಲೆ ಹತ್ತಿಸಿ ಬೆಲ್ಟು ಬಿಗಿದರು. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ರೇಸಿಗೆ ಇನ್ನು ಎರಡೇ ದಿನ. ಅವಳು ಸ್ಟೇರಿಂಗ್ ಹಿಂದೆ ಕೂತಳು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಕಿವಿಗೆ ಸಾಧನ ಹಾಕಿಕೊಂಡ.

ಇಪ್ಪತ್ತು ಡಿಗ್ರಿ. ಅವಳು ಕೆಲವು ಕ್ಷಣ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟಳು. ಪೈಪಿನಲ್ಲಿ ದಪ್ಪನೆಯ ಗರ್ಜನೆ ಬಿಟ್ಟರೆ ಬೇರೇನೂ ಇಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು. ಗರ್ಜನೆ ಅಷ್ಟೇ. ಮೊದಲೆಲ್ಲ ಕಲ್ಲಿನ ಸದ್ದು ಬಂದಾಗ ಹೆದರುತ್ತಿದ್ದವನಿಗೆ ಈಗ ಅದು ಬಾರದಿರುವುದೇ ಭಯವಾಗಿತ್ತು. ಇಪ್ಪತ್ತಮೂರು. ಬೆನ್ನಿಗೆ ಅಂಗಿ ಅಂಟಿಕೊಂಡಿತು. ಕಣ್ಣು ಮುಚ್ಚಿ, ಉಸಿರು ಹಿಡಿದು ಹುಡುಕಿದ. ಇಪ್ಪತ್ತನಾಲ್ಕು. ಏನೂ ಇಲ್ಲ. ಹಳದಿ ಕಾರಿನ ದಿನವೂ ಹೀಗೇ ಏನೂ ಇರಲಿಲ್ಲ.

ಅವಳು ಎಂಜಿನ್ನಿನ ಬಲ ಅಳೆಯುವ ಮುಳ್ಳು ನೋಡಿ ಹಿಗ್ಗಿ, ಇನ್ನೊಂದು ಎಂದು ಬೆರಳು ತೋರಿಸಿದಳು. ಮೇಸ್ತ್ರಿಯ ಬೆರಳು ಲ್ಯಾಪ್‌ಟಾಪಿನ ಕೀಲಿಯ ಮೇಲೆ ಬಂದು ನಿಂತಿತು. ಒತ್ತಲು ಆಗಲಿಲ್ಲ. ಗೋಡೆಗೆ ಒಂದು ಮಾರು ದೂರ ಎನ್ನುವುದು ಪ್ರತಿ ಸಲವೂ ಉಳಿಯುವುದಿಲ್ಲ. ಸಾಧನವನ್ನು ಕಿತ್ತು ಅವಳ ಕಡೆ ಚಾಚಿದ.

"ನೀನು ಹಾಕ್ಕೋ."

"ನಾನಾ? ಯಾಕೆ ಮಾವ?"

"ಹಾಕ್ಕೋ ಅಂದೆನಲ್ಲ. ಡಬ್ಬಿಯಲ್ಲಿ ಕಲ್ಲು ಆಡಿಸಿದ ಹಾಗೆ ಏನಾದ್ರೂ ಕೇಳಿದ್ರೆ ಕೈ ಎತ್ತು."

ಅವಳು ನಗುತ್ತಲೇ ಹಾಕಿಕೊಂಡಳು. ಇದು ಪಾಠ ಹೇಳಿಕೊಡುವ ದಿನ ಎಂದು ತಿಳಿದಿರಬೇಕು. ಇಪ್ಪತ್ತನಾಲ್ಕರಲ್ಲೇ ಆಕ್ಸಿಲರೇಟರ್ ಒತ್ತಿದಳು. ಒತ್ತಿದ ಮರುಕ್ಷಣ ಎಡಗೈ ಮೇಲೆ ಹೋಯಿತು, ಕಾಲು ತಾನಾಗಿ ಸಡಿಲವಾಯಿತು. ಮೇಸ್ತ್ರಿ ಇಪ್ಪತ್ತಮೂರಕ್ಕೆ ಇಳಿಸಿ ಸನ್ನೆ ಮಾಡಿದ. ಕೈ ಎದ್ದಿತು. ಇಪ್ಪತ್ತೆರಡು. ಮತ್ತೆ ಎದ್ದಿತು. ಈಗ ಅವಳು ನಗುತ್ತಿರಲಿಲ್ಲ. ಇಪ್ಪತ್ತೊಂದಕ್ಕೆ ಕೈ ಅರ್ಧ ಎದ್ದು ಅಲ್ಲೇ ತಡವರಿಸಿತು. ಇಪ್ಪತ್ತಕ್ಕೆ ತೊಡೆಯ ಮೇಲೇ ಉಳಿಯಿತು.

ಎಂಜಿನ್ ಆರಿಸಿದಳು. ರೋಲರುಗಳು ನಿಧಾನವಾಗಿ ನಿಂತವು.

"ಹಳದಿ ಕಾರಿಗೆ ಎಷ್ಟಿಟ್ಟಿದ್ರಿ?"

"ಇಪ್ಪತ್ತನಾಲ್ಕು."

ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು.

"ಪೆಟ್ರೋಲಲ್ಲಿ ಏನೂ ಇರ್ಲಿಲ್ಲ ಕಣೇ," ಎಂದ ಮೇಸ್ತ್ರಿ. "ಆ ಕಾರಿನವರಿಗೆ ಹೋಗಿ ಹೇಳ್ತೀನಿ. ನಿಮ್ಮಮ್ಮನಿಗೂ ಹೇಳ್ತೀನಿ."

ಅವಳು ಬೆಲ್ಟು ಬಿಚ್ಚಿ ಅವನ ಕಡೆ ಪೂರ್ತಿ ತಿರುಗಿದಳು. ಮುಖವನ್ನು ಅವನ ಮುಖದ ಹತ್ತಿರ ತಂದು, ಬಾಯಿ ಅಗಲ ಮಾಡಿ, ಒಂದೊಂದೇ ಪದವನ್ನು ಬಿಡಿಸಿ ಗಟ್ಟಿಯಾಗಿ ಕೇಳಿದಳು:

"ಮಾವ. ಆ ಇನ್ನೊಂದು ಡಬ್ಬ. ಎಲ್ಲಿದೆ?"

ಪಿಸುಗುಟ್ಟಿದ್ದರೂ ಅವನಿಗೆ ಕೇಳುತ್ತಿತ್ತು. ಅದನ್ನು ಹೇಳದೆ, ಕಪಾಟಿನ ಕಡೆ ಕೈ ತೋರಿಸಿದ.