ಸುಣ್ಣದ ಗೋಡೆ

"ಅಪ್ಪಾ, ದಾರ ಬಿಗಿ ಹಿಡಿ. ಸಡಲ ಬಿಟ್ರ ಗೋಡಿ ಸೊಟ್ಟ ಆಗ್ತದ."

"ನನಗ ಹೇಳ್ತಿ ಏನು?" ಎಂದ ನರಸಿಂಗ. ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನಿಗೆ ಮಗಳು ದಾರ ಹಿಡಿಯುವುದನ್ನು ಕಲಿಸುತ್ತಿದ್ದಳು. ನಗು ಬಂತು. ಆದರೂ ಬಿಗಿಯಾಗಿಯೇ ಹಿಡಿದ.

ಆಮ್ರಪಾಲಿ ಬುಟ್ಟಿಯಿಂದ ಸುಣ್ಣದ ಪುಡಿಯನ್ನು ಹಿಡಿ ಹಿಡಿಯಾಗಿ ತೆಗೆದು ದಾರದ ಗುಂಟ ಬಿಡುತ್ತ ಹೋಗುತ್ತಿದ್ದಳು. ಹೋಗುವುದೇನು, ಓಡುತ್ತಿದ್ದಳು. ನಸುಕಿನಿಂದ ಅವಳ ಕಾಲು ನೆಲಕ್ಕೆ ಹತ್ತಿರಲಿಲ್ಲ. ಹತ್ತು ಗಂಟೆಗೆ ಜೇಸೀಬಿ ಬರುವುದಿತ್ತು, ಅದರ ಬೆನ್ನಿಗೆ ಮಹಾರುದ್ರಪ್ಪ ಸಾವಕಾರ ಬರುವವರಿದ್ದರು. ಅಷ್ಟರೊಳಗೆ ಅರವತ್ತು ಅಡಿ ಉದ್ದದ, ನಲವತ್ತು ಅಡಿ ಅಗಲದ ಒಂದು ಕಟ್ಟಡವನ್ನು ಬರೀ ನೆಲದ ಮೇಲೆ ಎಬ್ಬಿಸಿ ನಿಲ್ಲಿಸಬೇಕಿತ್ತು.

ಕಲಬುರಗಿಯ ಕಾಲೇಜಿನಲ್ಲಿ ವಾಸ್ತುಶಿಲ್ಪ ಓದುವ ಹುಡುಗಿ, ಇದು ಕೊನೆಯ ವರ್ಷ. ಐದು ವರ್ಷದಲ್ಲಿ ಅವಳು ಏನೇನು ಕಟ್ಟಿರಲಿಲ್ಲ ಹೇಳಿ. ಬಸವಕಲ್ಯಾಣದ ಕೋಟೆಯ ಸಮೀಪ ಒಂದು ವಾಚನಾಲಯ, ಹುಮನಾಬಾದಿನ ಸಂತೆಗೆ ನೆರಳು, ಬಸ್ಸಿಗೆ ಕಾಯುವ ಹೆಂಗಸರಿಗೆ ತಂಗುದಾಣ. ಎಲ್ಲ ಕಾಗದದ ಮೇಲೆ. ಎಲ್ಲಕ್ಕೂ ಒಳ್ಳೆಯ ಅಂಕ ಬಂದು, ಎಲ್ಲವೂ ಸುರುಳಿ ಸುತ್ತಿಕೊಂಡು ಮನೆಯ ಟ್ರಂಕಿನ ಮೇಲೆ ಕೂತಿದ್ದವು. ಒಂದು ಇಟ್ಟಿಗೆ ಮೇಲೆದ್ದಿರಲಿಲ್ಲ.

ಈಗ ಅವಳ ಊರಿನವರೇ ಕೂಡಿ ಸಮುದಾಯ ಭವನ ಕಟ್ಟಲು ಹೊರಟಿದ್ದರು. ಊರಿಗೂ ಕೇರಿಗೂ ನಡುವೆ ಇದ್ದ ಖಾಲಿ ಜಾಗ. ಹುಮನಾಬಾದಿನ ಗುತ್ತೇದಾರನೊಬ್ಬ ನಕ್ಷೆ ಕೊಟ್ಟಿದ್ದ: ನಾಲ್ಕು ಗೋಡೆ, ಮೇಲೆ ತಗಡು, ಗೊಬ್ಬರದ ಗೋದಾಮಿಗೂ ಅದಕ್ಕೂ ಹೆಚ್ಚು ಫರಕಿರಲಿಲ್ಲ. ಆಮ್ರಪಾಲಿ ತಡೆಯಲಾರದೆ ತನ್ನದೊಂದು ನಕ್ಷೆ ಬರೆದು ಸಮಿತಿಯ ಅಧ್ಯಕ್ಷ ಮಹಾರುದ್ರಪ್ಪನವರ ಅಂಗಡಿಗೆ ಹೋಗಿದ್ದಳು. ನಡುವೆ ಅಂಗಳ, ಎರಡೂ ಕಡೆ ಜಗಲಿ, ಮದುವೆಗೂ ಆದೀತು, ಮಕ್ಕಳ ಓದಿಗೂ ಆದೀತು. ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕಾಗದದ ಮ್ಯಾಲಿಂದು ನನಗ ತಿಳಿಯಂಗಿಲ್ಲವ್ವಾ. ನೆಲದ ಮ್ಯಾಲ ತೋರಸು. ಮನಸಿಗೆ ಬಂದ್ರ ನಿಂದು, ಇಲ್ಲಾಂದ್ರ ಗುತ್ತೇದಾರಂದು."

ಅದಕ್ಕೇ ಈ ಸುಣ್ಣ, ಈ ದಾರ, ಈ ಓಟ.

ಕೊನೆಯ ಗೆರೆ ಮುಗಿಯುವಷ್ಟರಲ್ಲಿ ಗುಡಿಯ ಕಡೆಯಿಂದ ಶಕುಂತಲಾಬಾಯಿ ಬಂದರು. ಸಾವಕಾರರ ಅಕ್ಕ. ಊರನ್ನು ಸಾವಕಾರರು ನಡೆಸಿದರೆ ಸಾವಕಾರರನ್ನು ಇವರು ನಡೆಸುತ್ತಿದ್ದರು. ಸುಣ್ಣದ ಗೆರೆ, ಕೈಯಲ್ಲಿ ದಾರ ಹಿಡಿದ ಗೌಂಡಿ, ಇಷ್ಟು ಕಂಡದ್ದೇ ತಡ, ಅವರ ಮುಖ ಕೆಂಪಾಯಿತು.

"ಪಾಯಾ ಹಾಕಾಕತ್ತೀರಿ, ನನಗೊಂದು ಮಾತ ಹೇಳಿಲ್ಲ?"

"ಇದು ಪಾಯಾ ಅಲ್ಲರಿ ಅವ್ವಾರ, ಬರೇ ತೋರಸಲಿಕ್ಕ..." ಎಂದು ಆಮ್ರಪಾಲಿ ಬಾಯಿ ತೆರೆಯುವುದರೊಳಗೆ ಅವರು ಜೊತೆಗಿದ್ದ ಹೆಂಗಸರನ್ನು ಮನೆಗೆ ಅಟ್ಟಿಯಾಗಿತ್ತು. ಸುಣ್ಣ ಬಿತ್ತೆಂದರೆ ಪಾಯಾ, ಪಾಯಾ ಎಂದರೆ ಪೂಜೆ, ಅವರ ಲೆಕ್ಕ ಅಷ್ಟೇ ನೆಟ್ಟಗಿತ್ತು. ಐದು ನಿಮಿಷದಲ್ಲಿ ತೆಂಗಿನಕಾಯಿ, ಅರಿಶಿನ, ಕುಂಕುಮ, ಊದುಬತ್ತಿ ಬಂದವು. ಈಶಾನ್ಯದ ಮೂಲೆಯಲ್ಲಿ ಕಾಯಿ ಒಡೆದು, ನೀರು ಚಿಮುಕಿಸಿ, ಕೈ ಮುಗಿದರು. ನರಸಿಂಗ ಮಗಳ ಮುಖ ನೋಡಿದ. ಮಗಳು ಅಪ್ಪನ ಮುಖ ನೋಡಿದಳು.

ಮಹಾರುದ್ರಪ್ಪ ಬಂದಾಗ ಊದುಬತ್ತಿ ಇನ್ನೂ ಉರಿಯುತ್ತಿತ್ತು. ಹಿಂದೆಯೇ ಜೇಸೀಬಿ ಗುಡುಗುಡು ಎನ್ನುತ್ತ ಬಂದು ರಸ್ತೆಯ ಅಂಚಿನಲ್ಲಿ ನಿಂತಿತು. ಅವರು ಒಡೆದ ಕಾಯಿ ನೋಡಿದರು, ಅಕ್ಕನನ್ನು ನೋಡಿದರು, ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ಧೋತರದ ಚುಂಗು ಹಿಡಿದು ಬಾಗಿಲೆಂದು ಬಿಟ್ಟ ಜಾಗದಿಂದ ಒಳಗೆ ಬಂದು, ಜಗಲಿಯ ಗುಂಟ ನಡೆದು, ಅಂಗಳದ ನಡುವೆ ನಿಂತು ಮೇಲೆ ಆಕಾಶ ನೋಡಿದರು.

"ಗಾಳಿ ಛಲೋ ಬರ್ತದ," ಎಂದರು.

"ಹೌದ್ರಿ. ಮ್ಯಾಲ ತಗಡು ಬ್ಯಾಡ್ರಿ ನಡುವ," ಎಂದಳು ಆಮ್ರಪಾಲಿ. ಮಾತು ಉಸಿರಿಗಿಂತ ಮುಂದೆ ಓಡುತ್ತಿತ್ತು.

"ಆತು. ಕಾಯಿನೂ ಒಡದದ, ನನ್ನ ಮನಸಿಗೂ ಬಂದದ. ಇದ ಇರಲಿ. ಕಾಯಿ ಒಡದ ಮ್ಯಾಲ ಗೆರಿ ಸರಸಬಾರದು."

ಹುಡುಗಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ನಾಲ್ಕು ಹೆಜ್ಜೆ ಹಾಕಿದಳು. ಕಿರುಚಬೇಕೆನಿಸಿತು. ಟ್ರಂಕಿನ ಮೇಲಿನ ಸುರುಳಿಗಳೆಲ್ಲ ಒಮ್ಮೆಗೇ ಬಿಚ್ಚಿಕೊಂಡು ಎದ್ದು ನಿಂತಷ್ಟು ಖುಷಿ. ಸಾವಕಾರರು ಜೇಸೀಬಿಯವನಿಗೆ ಕೈ ಬೀಸಿದರು.

ಆಗ ಕೇರಿಯ ಕಡೆಯಿಂದ ಅವಳ ಅಜ್ಜಿ ಅಂಬುಬಾಯಿ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಗನಿಗೆ ಕಟ್ಟಿದ ರೊಟ್ಟಿಗಂಟು. ಮನೆ ದೂರವಿಲ್ಲ, ನೀಲಿ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ಬಂದವಳು ಸುಣ್ಣದ ಗೆರೆಯ ಆಚೆ ನಿಂತಳು. ಗೆರೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

"ಆಯೀ, ದಾಟಿ ಬಾ," ಎಂದು ಆಮ್ರಪಾಲಿ ಕೂಗಿದಳು.

"ಗೋಡಿ ಅಲ್ಲೇನವಾ? ಗೋಡಿ ಹ್ಯಾಂಗ ದಾಟಲಿ?"

ಮುದುಕಿ ತಿರುಗಿ ಗೆರೆಯ ಗುಂಟ ನಡೆಯತೊಡಗಿದಳು. ಕೋಲೂರಿ ಒಂದು ಹೆಜ್ಜೆ, ಕೋಲೂರಿ ಇನ್ನೊಂದು. ಅರವತ್ತು ಅಡಿ ಹಿಂದಿನ ಗೋಡೆಯ ತುದಿಯವರೆಗೆ, ಆಮೇಲೆ ನಲವತ್ತು ಅಡಿ ಬದಿಯ ಗೋಡೆ, ಆಮೇಲೆ ಮುಂದಿನ ರಸ್ತೆ. ಜೇಸೀಬಿಯವನೂ ಗಾಡಿ ತಡೆದು ಕಾದ. ಕೊನೆಗೆ ಮುಂಬಾಗಿಲಿನಿಂದ ಏದುಸಿರು ಬಿಡುತ್ತ ಒಳಗೆ ಬಂದ ಅಂಬುಬಾಯಿಯ ಮುಖದ ತುಂಬ ಹೆಮ್ಮೆ. "ಎಷ್ಟು ದೊಡ್ಡದು ಮಾಡೀದಿ ನನ್ನವ್ವಾ," ಎಂದಳು.

ಆಮ್ರಪಾಲಿ ಹಿಂದಿನ ಗೆರೆಯ ಕಡೆ ತಿರುಗಿ ನೋಡಿದಳು. ಮುಖ ರಸ್ತೆಗಿರಬೇಕು, ಅಡುಗೆಮನೆ, ಪಾಯಖಾನೆ ಹಿಂದಿರಬೇಕು ಎಂದು ಕಲಿತಿದ್ದಳು, ಹಾಗೇ ಬರೆದಿದ್ದಳು. ಆ ಹಿಂದು ಎನ್ನುವುದು ತನ್ನ ಮನೆಯ ಮುಂದು ಎಂದು, ಇಪ್ಪತ್ಮೂರು ವರ್ಷ ಆ ಮನೆಯಲ್ಲೇ ಬೆಳೆದವಳಿಗೆ ಹೊಳೆದಿರಲಿಲ್ಲ. ಇಡೀ ಕೇರಿಗೆ ಅವಳು ಬೆನ್ನು ಕಟ್ಟಿಕೊಟ್ಟಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾದವು.

"ಅಪ್ಪಾ, ಆ ಗೋಡ್ಯಾಗ ಬಾಗಲಾ ಇಲ್ಲ," ಎಂದಳು ಮೆಲ್ಲಗೆ.

ನರಸಿಂಗನಿಗೂ ಕಂಡಿತ್ತು. "ಸುಮ್ಮನಿರು. ಈಗ ಬಾಯಿ ಬಿಟ್ರ ಎಲ್ಲಾ ಹೋಗ್ತದ. ಕಟ್ಟೋನು ನಾನ ಅಲ್ಲೇನು? ಆಮ್ಯಾಲ ಒಂದು ಬಾಗಲಾ ಬಿಡ್ತೀನಿ, ಯಾರಿಗೆ ಗೊತ್ತಾಗ್ತದ?"

"ಕದ್ದು ಬಿಟ್ಟ ಬಾಗಲಕ್ಕ ಹಿತ್ತಲ ಬಾಗಲಾ ಅಂತಾರಪ್ಪಾ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಂಡಳು. ಕೈಗೆ ಬಂದ ತುತ್ತು, ಬಾಯಿಗೆ ಇನ್ನು ಒಂದು ಗೇಣು. ಇದು ಹೋದರೆ ಇನ್ನೊಂದು ಸಿಗುವುದೋ ಇಲ್ಲವೋ, ಅವಳಿಗೂ ಗೊತ್ತಿರಲಿಲ್ಲ.

"ಸಾವಕಾರ್ರ, ತಪ್ಪಾಗ್ಯದ್ರಿ. ನಂದ ತಪ್ಪು. ಕೇರಿ ಕಡಿ ಗೋಡ್ಯಾಗ ಬಾಗಲಾ ಬೇಕ್ರಿ. ಮುಂದಿಂದು ಎಷ್ಟು ದೊಡ್ಡದೋ ಅಷ್ಟ ದೊಡ್ಡದು. ಅಡಗಿಮನಿ ಬಾಜೂಕ ಸರಸಬೇಕು."

ಮಹಾರುದ್ರಪ್ಪನವರ ಹುಬ್ಬು ಗಂಟಿಕ್ಕಿತು. "ಈಗರ ಹೇಳೀನಿ, ಪೂಜಾ ಆದ ಗೆರಿ ಸರಸಬಾರದು ಅಂತ. ಸರಸೋದ ಇದ್ರ ಇದೂ ಬ್ಯಾಡ. ಗುತ್ತೇದಾರನ ನಕ್ಷಾ ಅದ, ಅದನ್ನ ಕಟ್ಟೋಣು."

"ಬಾಗಲಾ ಇಲ್ಲಾಂದ್ರ ನಂದು ಬ್ಯಾಡ್ರಿ," ಎಂದಳು ಆಮ್ರಪಾಲಿ. ನರಸಿಂಗ ದಾರವನ್ನು ಕೈಗೆ ಸುತ್ತಿಕೊಳ್ಳತೊಡಗಿದ.

ಶಕುಂತಲಾಬಾಯಿ ಇಷ್ಟು ಹೊತ್ತು ಅಂಬುಬಾಯಿಯನ್ನೇ ನೋಡುತ್ತಿದ್ದರು. ನಲವತ್ತು ವರ್ಷ ಅವರ ತೊಗರಿ ಹೊಲದಲ್ಲಿ ಕಸ ತೆಗೆದವಳು.

"ಅಂಬೂ, ಮನಿ ಇಲ್ಲೇ ಅದ. ಅಷ್ಟು ಸುತ್ತ ಹಾಕಿ ಬಂದಿ, ಕಾಲು ನೋಯಂಗಿಲ್ಲೇನು?"

"ರೂಢಿ ಅದರಿ ಅವ್ವಾರ."

ಅಂಬುಬಾಯಿ ನಗುತ್ತಲೇ ಹೇಳಿದಳು. ಶಕುಂತಲಾಬಾಯಿ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ತಮ್ಮನ ಕಡೆ ತಿರುಗಿದರು.

"ರುದ್ರಾ, ಕಾಯಿ ಒಡದಾಕಿ ಯಾರು?"

"ನೀನ, ಅಕ್ಕಾ."

"ನಾ ನೆಲಕ್ಕ ಒಡದೀನಿ. ಸುಣ್ಣಕ್ಕಲ್ಲ. ಆ ಹುಡುಗಿ ಹೇಳಿದಂಗ ಮಾಡು."

ಸಾವಕಾರರು ಏನೋ ಹೇಳಲು ಹೋದರು. ಅಕ್ಕನ ಮುಖ ನೋಡಿ ಕೆಮ್ಮಿದರು. "ಮತ್ತ ಗೆರಿ ಹಾಕಲಿಕ್ಕ ಎಷ್ಟು ಹೊತ್ತು ಬೇಕವ್ವಾ?" ಎಂದು ಆಮ್ರಪಾಲಿಯನ್ನು ಕೇಳಿದರು.

ಉತ್ತರ ಕೊಡಲು ಅವಳು ಅಲ್ಲಿರಲಿಲ್ಲ. ಹಿಂದಿನ ಗೋಡೆಗೆ ಓಡಿ, ಎಂಟು ಅಡಿ ಸುಣ್ಣವನ್ನು ಕಾಲಿನಿಂದ ಉಜ್ಜುತ್ತಿದ್ದಳು. ಉಜ್ಜುತ್ತ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು, ಸುಣ್ಣ ಹಾರಿದ್ದಕ್ಕೋ ಮತ್ತೊಂದಕ್ಕೋ. ನರಸಿಂಗ ಸುತ್ತಿದ ದಾರ ಬಿಚ್ಚಿಕೊಂಡು ಹಿಂದೆ ಹೋದ. ಜೇಸೀಬಿಯವನು ಎಂಜಿನ್ ಬಂದ್ ಮಾಡಿದ.

ಶಕುಂತಲಾಬಾಯಿ ನಡೆದು ಬಂದು ಆ ಹೊಸ ಬಾಗಿಲಿನ ಜಾಗದಲ್ಲಿ ನಿಂತರು. ಅಲ್ಲಿಂದ ಕೇರಿ ಕಾಣುತ್ತಿತ್ತು, ತೊಳೆದ ಸೀರೆಗಳು, ಕಟ್ಟೆಯ ಮೇಲೆ ಒಣಹಾಕಿದ ಮೆಣಸಿನಕಾಯಿ.

"ಅಂಬೂ, ನಿನ್ನ ಮನಿ ಯಾವುದು?"

"ಅದಾ ರೀ, ನೀಲಿ ಬಾಗಲದ್ದು."

"ಒಂದು ಕಪ್ ಚಹಾ ಮಾಡಿ ಕೊಡ್ತಿ?"

ಅಂಬುಬಾಯಿ ಮಗನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. "ಹಾಲು ತೀರ್ಯಾವರಿ," ಎಂದಳು.

"ಕರೀ ಚಹಾ ಇರಲಿ."

ಶಕುಂತಲಾಬಾಯಿ ಸೀರೆಯನ್ನು ಒಂದಿಷ್ಟು ಎತ್ತಿ ಹಿಡಿದು, ಅಳಿಸಿದ ಗೆರೆಯ ಮೇಲಿಂದ ಕೇರಿಯ ಕಡೆಗೆ ಕಾಲಿಟ್ಟರು. ಅಂಬುಬಾಯಿ ಕೋಲು ಊರಲೂ ಪುರುಸೊತ್ತಿಲ್ಲದವಳಂತೆ ಅವರಿಗಿಂತ ಮುಂದೆ ಮುಂದೆ ಹೋಗಿ ಚಿಲಕ ತೆಗೆದು, ನೀಲಿ ಬಾಗಿಲಿನ ಎರಡೂ ಕದಗಳನ್ನು ಗೋಡೆಗೆ ಹತ್ತುವ ತನಕ ದೂಡಿದಳು.