ಆಯುಧವಲ್ಲದ ರಿವಾಲ್ವರ್

ಅಕ್ಕನ ಮೇಲೆ ಯಾಕೆ ಕೈ ಮಾಡಿದಿರಿ ಅಂತ ಕೇಳಿದ ಬಂದೂಕು ರಿಪೇರಿಯವನಿಗೆ ಭಾವ ರಿವಾಲ್ವರಿನ ಹಿಡಿಯಿಂದಲೇ ಉತ್ತರ ಕೊಟ್ಟ. ಇವನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅಂಗಡಿಯ ಲೇತ್ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಅಕ್ಕ ದವಡೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಆ ದವಡೆ ಮುರಿದದ್ದೂ ಇದೇ ಹಿಡಿ. ಹೆಂಡತಿಯ ಕಣ್ಣೆದುರೇ ತಮ್ಮನಿಗೂ ಬಾರಿಸಿದ ಖುಷಿ ಆ ಪುಣ್ಯಾತ್ಮನ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಭಾವನ ತಾತನ ಕಾಲದ ರಿವಾಲ್ವರ್ ಅದು. ಅದಕ್ಕೆ ಹೊಂದುವ ಗುಂಡು ತಯಾರಾಗುವುದೇ ನಿಂತುಹೋಗಿತ್ತು. ಹಾಗಾಗಿ ಕಾನೂನಿನ ಕಣ್ಣಿಗೆ ಅದು ಆಯುಧವೇ ಅಲ್ಲ, ಷೋಕೇಸಿನ ಸಾಮಾನು, ಲೈಸೆನ್ಸೂ ಬೇಡ. ಸಿಲಿಂಡರಿನ ತೂತು ಒಂಚೂರು ಅಗಲಿಸಿ ಈಗಿನ ಗುಂಡು ಕೂರುವಂತೆ ಮಾಡಿದರೆ ಮಾತ್ರ ಕಥೆ ಬೇರೆ. ಇಟ್ಟುಕೊಂಡವನಿಗೂ ಜೈಲು, ಕೊರೆದವನಿಗೂ ಜೈಲು. ಕೊರೆದುಕೊಡು ಅಂತ ಭಾವ ಬೆನ್ನು ಬಿದ್ದಿದ್ದ, ಇವನು ಸುತರಾಂ ಒಪ್ಪಿರಲಿಲ್ಲ.

ಅಕ್ಕನ ದವಡೆ ಮುರಿದಾಗ ಇವನೇ ಅವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದ. ಇನ್‌ಸ್ಪೆಕ್ಟರು, ಗಂಡ ಹೆಂಡಿರ ಜಗಳ ಕಣಯ್ಯಾ, ಆ ಹಳೇ ಕಬ್ಬಿಣ ಆಯುಧವಾಗಿದ್ದರೆ ಇವತ್ತೇ ಎತ್ತಿ ಒಳಗೆ ಹಾಕುತ್ತಿದ್ದೆ ಅಂತ ಕೈ ತೊಳೆದುಕೊಂಡಿದ್ದರು. ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಇವನು ಈಗ, ರಿವಾಲ್ವರ್ ತಗೊಂಡು ಬನ್ನಿ ನೋಡೋಣ ಅಂತ ಭಾವನನ್ನು ಅಂಗಡಿಗೆ ಕರೆಸಿದ್ದ, ಪೊಲೀಸರಿಗೂ ಬನ್ನಿ ಅಂತ ಹೇಳಿಟ್ಟಿದ್ದ.

"ಕೊಡಿ ಭಾವ, ಕೊರೆದುಕೊಡ್ತೀನಿ" ಅಂದ, ರಕ್ತ ಒರೆಸಿಕೊಳ್ಳುತ್ತಾ.

"ಏಟು ಬಿದ್ದಮೇಲೆ ಬುದ್ಧಿ ಬಂತು ನೋಡು."

ಕೊರೆದ, ಸಿಲಿಂಡರ್ ಜೋಡಿಸಿಕೊಟ್ಟ. ಖಾಲಿ ರಿವಾಲ್ವರ್ ಭಾವನ ಕೈಯಲ್ಲಿರುವಾಗ ಪೊಲೀಸರು ಬಂದರೆ ಸಾಕು ಅನ್ನುವುದು ಇವನ ಲೆಕ್ಕಾಚಾರ. ಆತ ಜೇಬಿನಲ್ಲಿ ಗುಂಡು ಹಾಕಿಕೊಂಡೇ ಬಂದಿರಬಹುದೆಂದು ಹೊಳೆಯಲೇ ಇಲ್ಲ, ಹುಟ್ಟಾ ಬಂದೂಕಿನ ಜೊತೆ ಬೆಳೆದ ಮನುಷ್ಯನಿಗೆ!

ಭಾವ ಗುಂಡು ತುಂಬಿದ. ಹ್ಯಾಮರಿನ ಕೊಕ್ಕು ಹಿಂದಕ್ಕೆ ಎಳೆದು ನಳಿಗೆಯನ್ನು ಅಕ್ಕನ ಹಣೆಗೆ ಒತ್ತಿದ.

"ಸ್ಟೇಷನ್ನಿಗೆ ಹೋಗಿದ್ದೆಯಂತೆ?"

ಇವನು ನುಗ್ಗಿ ರಿವಾಲ್ವರನ್ನು ಕೊಕ್ಕಿನ ಸಮೇತ ಮುಷ್ಟಿಯಲ್ಲಿ ಹಿಡಿದ. ಭಾವ ಟ್ರಿಗರ್ ಒತ್ತಿಯೇಬಿಟ್ಟ. ಗುಂಡಿನ ಬೆನ್ನಿಗೆ ಬಡಿಯಬೇಕಿದ್ದ ಕೊಕ್ಕು ಇವನ ಹೆಬ್ಬೆರಳ ಬುಡದ ಮಾಂಸಕ್ಕೆ ನೆಟ್ಟುಕೊಂಡಿತು. ಗುಂಡು ಹಾರಲಿಲ್ಲ. ಭಾವ ಎಳೆದಾಡಿದಷ್ಟೂ ಮಾಂಸ ಹರಿಯಿತು. ಆತ ಇವನ ಹೊಟ್ಟೆಗೆ ಒದ್ದ, ತಲೆಯಿಂದ ಗುದ್ದಿ ಮೂಗು ಜಜ್ಜಿದ. ಪೊಲೀಸರು ಒಳನುಗ್ಗಿ ಭಾವನನ್ನು ನೆಲಕ್ಕೆ ಕೆಡವುವವರೆಗೂ ಇವನು ಕೈ ಬಿಡಲಿಲ್ಲ.

ಇನ್‌ಸ್ಪೆಕ್ಟರು ಗುಂಡು ಹೊರತೆಗೆದು ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಕೊರೆದದ್ದು ಯಾರು?"

"ನಾನೇ ಸಾರ್."

"ನೀನೂ ಒಳಗೆ ಹೋಗ್ತೀಯ, ಗೊತ್ತಲ್ಲ?"

"ಗೊತ್ತು. ಭಾವ ಯಾವಾಗ ಹೊರಗೆ ಬರ್ತಾರೆ?"

"ಸದ್ಯಕ್ಕಂತೂ ಬರಲ್ಲ."

ಇವನ ಕೈಗೆ ಬಟ್ಟೆ ಸುತ್ತಿ ಜೀಪು ಹತ್ತಿಸಿದರು. ಎದುರು ಸೀಟಿನಲ್ಲಿ ಭಾವ, ಬಂದಮೇಲೆ ಇಬ್ಬರನ್ನೂ ನೋಡಿಕೊಳ್ತೀನಿ ಅಂತ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಅಕ್ಕ ಅಂಗಡಿಯ ಬಾಗಿಲ ತನಕ ಬಂದಳು. ತಮ್ಮನನ್ನೇ ನೋಡುತ್ತಾ ಅತ್ತಳು. ಆಮೇಲೆ ಬಾಗಿಲು ಮುಚ್ಚಿದಳು. ಜೀಪು ಹೊರಡುವ ಮೊದಲು, ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಇಬ್ಬರಿಗೂ ಕೇಳಿಸಿತು.