ಮೂರನೆಯ ಕದಿರು

ಎಲ್ಲಿಂದ ಶುರು ಮಾಡಲಿ? ಹೀಗೆ ಕೇಳುವ ಕಥೆಗಾರರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಗೊತ್ತಿಲ್ಲದಿದ್ದರೆ ಪೆನ್ನು ಮುಚ್ಚಿಟ್ಟು ಚಹಾ ಕುಡಿಯಬಹುದಲ್ಲ. ಆದರೂ ಕೇಳುತ್ತಿದ್ದೇನೆ. ಯಾಕೆಂದರೆ ಈ ಕಥೆಯಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಅದು ನಾನೂ ಇರಬಹುದು.

1

ಮೊದಲ ಡ್ರಾಫ್ಟು, ಪದಕೋಶದ ಧಾಟಿಯಲ್ಲಿ. (ನಾನು ಕಥೆಗಾರನಲ್ಲ. ಧಾರವಾಡದ ಸತ್ತೂರಿನಲ್ಲಿ ಕೂತು ಕಸುಬಿನ ಪದಕೋಶ ಮಾಡುವವನು. 'ಕ' ಅಕ್ಷರಕ್ಕೆ ಬಂದು ಎರಡು ವರ್ಷವಾಯಿತು, ಮುಂದೆ ಹೋಗಿಲ್ಲ.)

ಕದಿರು: ರಾಟಿಯಲ್ಲಿ ತಿರುಗುತ್ತ ನೂಲಿಗೆ ಹುರಿ ಕೊಡುವ ಉಕ್ಕಿನ ಕಡ್ಡಿ. ಇಂಗ್ಲಿಷಿನಲ್ಲಿ ಸ್ಪಿಂಡಲ್.

ಇಷ್ಟು ಬರೆದು ನೆಮ್ಮದಿಯಿಂದ ಇದ್ದೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಲೇತ್ ಇಟ್ಟಿರುವ ಪ್ರತಾಪ ಅದನ್ನು ಕೆಡಿಸಿದ.

"ನಮ್ಮ ಲೇತಿಗೂ ಸ್ಪಿಂಡಲ್ ಐತ್ರಿ. ತುಂಡು ಹಿಡಕೊಂಡು ತಾನೂ ತಿರಗತೈತಿ. ಶಾಫ್ಟ್ ಬ್ಯಾರೆ, ಅದು ಮೋಟಾರಿನ ಜೋರು ದಾಟಸತೈತಿ. ಚಕ್ಕಡಿ ಅಚ್ಚು ಸುಮ್ಮ ನಿಂತಿರತೈತಿ, ಗಾಲಿ ಅದರ ಮ್ಯಾಲ ತಿರಗತೈತಿ. ಎಲ್ಲಾದಕ್ಕೂ ಕಡ್ಡಿ ಕಡ್ಡಿ ಅಂತ ಬರದ್ರ ಯಾರರ ಕೈ ಕಳಕೋತಾರ."

ಹಾಗಾಗಿ ಪ್ರತ್ಯಕ್ಷ ನೋಡಿಯೇ ಬರೆಯೋಣವೆಂದು ಒಂದು ಮಂಗಳವಾರ ಉಪ್ಪಿನಬೆಟಗೇರಿಯ ನೂಲುವ ಕೇಂದ್ರಕ್ಕೆ ಹೋದೆ.

2

ಅಲ್ಲಿ ಕಸ್ತೂರೆವ್ವ ಇದ್ದರು. ಮೂವತ್ತೆರಡು ವರ್ಷದಿಂದ ನೂಲುವವರು. ಅವರದು ಎಂಟು ಕದಿರಿನ ರಾಟಿ. ಬಲಗೈಯಿಂದ ಹಿಡಿಕೆ ತಿರುಗಿಸಿದರೆ ಎಂಟೂ ಒಟ್ಟಿಗೆ ತಿರುಗುತ್ತವೆ, ಎಲ್ಲಿ ಎಳೆ ಹರಿಯುತ್ತದೋ ಅಲ್ಲಿ ಎಡಗೈ ಹೋಗಿ ಕೂಡಿಸುತ್ತದೆ.

"ತಕಲಿ ಕೈ ಮಾತ ಕೇಳತೈತಿ ಸರ, ಕದಿರ ಗಾಲಿ ಮಾತ ಕೇಳತೈತಿ," ಎಂದರು. "ಲಾಳಿ ನೇಯೋರದು, ಅದು ಮಗ್ಗದಾಗ ಓಡಾಡತೈತಿ. ನಮ್ಮ ಕದಿರ ಎಲ್ಲೂ ಹೋಗೂದಿಲ್ಲ. ಕುಂತಲ್ಲೇ ತಿರಗತೈತಿ, ನಮ್ಮಂಗ."

ನಾನು ಬರೆದುಕೊಂಡೆ. ಅವರ ಮೂರನೆಯ ಕದಿರನ್ನು ಬಿಚ್ಚಿಸಿಕೊಂಡು ಫೋಟೋ ತೆಗೆದೆ. ಚಹಾ ಕುಡಿದು ಬಂದೆ. ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಛಲೋ ಆಗುತ್ತಿತ್ತು.

ಮರುದಿನದಿಂದ ಮೂರನೆಯ ಕದಿರಿನ ಎಳೆ ಮತ್ತೆ ಮತ್ತೆ ಹರಿಯತೊಡಗಿತು. ಮೇಲ್ವಿಚಾರಕ ರಾಜಶೇಖರ ಎರಡು ದಿನ ನೋಡಿದ. ಕಸ್ತೂರೆವ್ವನ ಕೈ ನಡುಗುತ್ತಿದೆ, ಸೋಮವಾರದಿಂದ ಅವರು ರಾಟಿ ಬಿಟ್ಟು ನೂಲಿನ ಲಡಿ ಕಟ್ಟುವ ಬೆಂಚಿಗೆ ಹೋಗಲಿ ಎಂದ. ಆ ಕೇಂದ್ರದಲ್ಲಿ ಒಮ್ಮೆ ರಾಟಿ ಬಿಟ್ಟವರಿಗೆ ಮತ್ತೆ ರಾಟಿ ಸಿಗುವುದಿಲ್ಲ. ಬೇರೆಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೂತರೆ ಮುಗಿಯಿತು.

"ಕೈ ನಡಗಿದ್ರ ಎಂಟೂ ಹರೀಬೇಕಲ್ರಿ," ಎಂದರಂತೆ ಕಸ್ತೂರೆವ್ವ. "ಮೂರನೇದ ಯಾಕ ಹರೀತೈತಿ? ಕದಿರ ಬಾಗೇತಿ."

3 (ಹೊಡೆದು ಹಾಕಿದ್ದು)

ಪಕ್ಕದ ರಾಟಿಯ ರತ್ನವ್ವ ಹೊಟ್ಟೆಕಿಚ್ಚಿನಿಂದ ತನ್ನ ಬಾಗಿದ ಕದಿರನ್ನು ಇಲ್ಲಿಟ್ಟು ಒಳ್ಳೆಯದನ್ನು ಎತ್ತಿಕೊಂಡಳು ಎಂದು ಬರೆದೆ. ಓದಲು ಚೆನ್ನಾಗಿತ್ತು. ಆದರೆ ಮುಂದಿನ ವಾಕ್ಯ ಬರೆಯುವ ಮೊದಲೇ ರತ್ನವ್ವ ಹಾಳೆಯ ಮೇಲೆ ಬಂದು ನಿಂತರು.

"ನಾ ಯಾಕ ಬದಲಿ ಮಾಡ್ಲಿ ಸರ? ಆಕಿ ಬಾಜು ಕುಂತು ಹದಿನೆಂಟ ವರ್ಷ ಆತು. ಕದಿರ ಬಿಚ್ಚಿಸಿ ಅತ್ತಾಗ ಇತ್ತಾಗ ಹೊಳ್ಳಿಸಿದವರು ಯಾರ, ಅದನ್ನ ಬರೀರಿ ಮೊದಲ."

ಪಾತ್ರಗಳಿಗೆ ಇಷ್ಟು ಸಲಿಗೆ ಕೊಡಬಾರದು. ಆದರೂ ಹೊಡೆದು ಹಾಕಿದೆ.

4

ಹಾಗಾದರೆ ನಿಜ ಇದು. ಕದಿರನ್ನು ಫರಸಿ ಕಲ್ಲಿನ ಮೇಲೆ ಇಡುವಾಗ ನನ್ನ ಕೈ ಜಾರಿತು. ಠಣ್ ಎಂದಿತು. ಕೇಂದ್ರದ ತುಂಬ ರಾಟಿಗಳ ಸದ್ದು, ಯಾರಿಗೂ ಕೇಳಲಿಲ್ಲ. ಕದಿರಿಗೆ ಏನಾಗುತ್ತದೆ, ಉಕ್ಕಲ್ಲವೇ ಎಂದುಕೊಂಡು ಕೊಟ್ಟುಬಿಟ್ಟೆ. ತಪ್ಪು ನನ್ನದೇ.

(ಓದುಗರೇ, ಇದನ್ನು ಲಗೂನೆ ನಂಬಬೇಡಿ. ಮುಂದಿನದನ್ನು ಓದಿ.)

5

ನಾಲ್ಕನೆಯ ಭಾಗ ಬರೆದದ್ದು ಶನಿವಾರ ಸಂಜೆ. ಕಸ್ತೂರೆವ್ವ ನಮ್ಮ ಮನೆಗೆ ಬಂದುಹೋದದ್ದು ಶನಿವಾರ ಮಧ್ಯಾಹ್ನ.

ಎರಡು ಬಸ್ಸು ಬದಲಿಸಿ ಬಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಗೆ ಕೂತರು.

"ಸರ, ಆ ದಿವಸ ಕದಿರ ನಿಮ್ಮ ಕೈಯಾಗಿಂದ ಕೆಳಗ ಬಿತ್ತಲ್ರಿ."

"ಬಿತ್ತೇನ್ರಿ ಕಸ್ತೂರೆವ್ವಾರ? ನನಗ ನೆನಪಿಲ್ಲಲ್ಲ."

"ನೆನಪ ಮಾಡ್ಕೋರಿ. ರಾಜಶೇಖರಗ ನೀವ ಒಂದ ಮಾತ ಹೇಳಿದ್ರ ನಂಬತಾನ. ನೀವು ಪುಸ್ತಕಾ ಬರೆಯೋರು."

ಫೋಟೋ ತೆಗೆದು ನೋಡಿದೆ. ಕಲ್ಲಿನ ಮೇಲೆ ಕದಿರು ಇದೆ, ಪಕ್ಕದಲ್ಲಿ ನನ್ನ ಹೆಬ್ಬೆರಳು. ಬಿದ್ದದ್ದೋ ಇಟ್ಟದ್ದೋ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಚಹಾ ಬಂತು. ಅವರು ಬಶಿ ಎತ್ತಿಕೊಂಡಾಗ ಕಪ್ಪು ಸಣ್ಣಗೆ ಸದ್ದು ಮಾಡಿತು. ನಾನು ಅವರ ಕೈ ನೋಡಿದೆ. ಅವರು ನಾನು ನೋಡಿದ್ದನ್ನು ನೋಡಿದರು, ಕಪ್ಪು ಕೆಳಗಿಟ್ಟು ಕೈಯನ್ನು ಸೆರಗಿನೊಳಗೆ ತೆಗೆದುಕೊಂಡರು.

"ಎರಡು ಬಸ್ಸಿನಾಗ ನಿಂತು ಬಂದೇನಿ. ಅದಕ್ಕ ಅದು," ಎಂದರು.

ನನಗೆ ನಾಚಿಕೆಯಾಯಿತು. ಅಳತೆ ತೆಗೆಯುವವನ ಹಾಗೆ ಒಬ್ಬ ಹೆಣ್ಣುಮಗಳ ಕೈ ನೋಡಿದ್ದೆ. ಆದರೂ ಗುಮಾನಿ ಹೋಗಲಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

6

ಬೇಕಾದ ಅಂತ್ಯ ಆರಿಸಿಕೊಳ್ಳಿ.

ಅ) ನಾನು ತಪ್ಪೊಪ್ಪಿಕೊಳ್ಳುತ್ತೇನೆ. ಹೊಸ ಕದಿರು ಬರುತ್ತದೆ. ಎಳೆ ಹರಿಯುವುದಿಲ್ಲ.

ಆ) ನಾನು ತಪ್ಪೊಪ್ಪಿಕೊಳ್ಳುತ್ತೇನೆ. ಹೊಸ ಕದಿರು ಬರುತ್ತದೆ. ಎಳೆ ಹರಿಯುತ್ತದೆ. ಇಡೀ ಕೇಂದ್ರ ಕಸ್ತೂರೆವ್ವನ ಕೈ ನೋಡುತ್ತದೆ.

'ಆ' ಬರೆದ ಮೇಲೆ ಎದ್ದು ನೀರು ಕುಡಿದು ಬಂದೆ. ಅದರ ಮುಂದೆ ಒಂದು ಸಾಲೂ ಬರಲಿಲ್ಲ.

7

ಸೋಮವಾರ ಬೆಳಿಗ್ಗೆ ಹೋದೆ. ರಾಜಶೇಖರನ ಮುಂದೆ ನಿಂತು, ಕದಿರು ನನ್ನ ಕೈಯಿಂದ ಬಿದ್ದದ್ದು ಎಂದೆ.

"ಖರೇ ಏನ್ರಿ ಸರ?"

"ಖರೇ."

ಅವನು ಕೆಟ್ಟವನಲ್ಲ. ಮೂರನೆಯ ಕದಿರನ್ನು ಬಿಚ್ಚಿ ಟೇಬಲ್ ಗಾಜಿನ ಮೇಲೆ ಉರುಳಿಸಿದ. ಎಲ್ಲೋ ಒಂದಿಷ್ಟು ತೊನೆಯಿತು.

"ಹಳೇವು ಎಲ್ಲಾ ಇಷ್ಟ ಇರತಾವ," ಎಂದ. "ಇರಲಿ, ಹೊಸಾದು ಹಾಕೂಣು. ಕಸ್ತೂರೆವ್ವಾರ, ನೂತು ತೋರಸ್ರಿ. ಈಗ ಗೊತ್ತಾಗತೈತಿ."

ಉಳಿದ ಹದಿನಾಲ್ಕು ರಾಟಿಗಳು ನಿಂತವು. ಕಸ್ತೂರೆವ್ವ ಹೊಸ ಕದಿರನ್ನು ನೋಡಿದರು, ಮುಟ್ಟಲಿಲ್ಲ.

"ಸೋಮವಾರ ಹೊಸಾ ಕದಿರ ಏರಸೂದಿಲ್ಲ," ಎಂದರು.

"ಯಾರ ಹೇಳಿದ್ರಿ?"

"ನಮ್ಮ ಅತ್ತಿ ಏರಸ್ತಿದ್ದಿಲ್ಲ. ಎತ್ತು ಹೂಡೂದಿಲ್ಲಲ್ಲ ಸೋಮವಾರ, ಹಂಗ ಇದು."

ಈ ಪದ್ಧತಿಯನ್ನು ನಾನು ಎಲ್ಲೂ ಕೇಳಿಲ್ಲ. ರಾಜಶೇಖರನೂ ಕೇಳಿರಲಿಲ್ಲ, ಅವನ ಮುಖದಲ್ಲೇ ಕಾಣುತ್ತಿತ್ತು. ಆಗ ರತ್ನವ್ವ, ತಲೆ ಎತ್ತದೆ, "ಹೌದ್ರಿ, ಏರಸೂದಿಲ್ಲ," ಎಂದರು. ಅವರ ಹಿಂದಿನ ರಾಟಿಯಿಂದ ಇನ್ನೊಬ್ಬರು, "ಇಲ್ರಿ, ನಮ್ಮ ಮನ್ಯಾಗೂ ಏರಸೂದಿಲ್ಲ." ಆಮೇಲೆ ಬಾಗಿಲ ಹತ್ತಿರದವರು. ಒಬ್ಬರಾದ ಮೇಲೆ ಒಬ್ಬರು, ಹದಿನಾಲ್ಕೂ ಮಂದಿ.

ರಾಜಶೇಖರ ನನ್ನ ಕಡೆ ತಿರುಗಿದ. "ನಿಮ್ಮ ಪುಸ್ತಕದಾಗ ಐತೇನ್ರಿ ಸರ, ಇದು?"

"ಐತಿ," ಎಂದೆ.

"ಆತು ಬಿಡ್ರಿ. ನಾಳಿ ಏರಸೂಣು."

8

ಈಗ ಸಂಜೆ ಐದು. ಕದಿರಿನ ನಮೂದಿಗೆ ಒಂದು ಸಾಲು ಸೇರಿಸಿದ್ದೇನೆ: 'ಸೋಮವಾರ ಹೊಸದನ್ನು ಏರಿಸುವುದಿಲ್ಲ.' ಪದಕೋಶಕಾರನಾಗಿ ನಾನು ಮಾಡಿದ ಮೊದಲ ಕಳ್ಳ ನಮೂದು ಇದು. ಅಥವಾ ಇದೊಂದೇ ನಾನು ಸರಿಯಾಗಿ ಬರೆದುಕೊಂಡ ಅರ್ಥವೋ ಏನೋ. ಹದಿನಾಲ್ಕು ಜನ ಸಾಕ್ಷಿ ಇದ್ದಾರೆ, ಬೇರೆ ಯಾವ ಪದಕ್ಕೂ ನನ್ನ ಹತ್ತಿರ ಇಷ್ಟು ಸಾಕ್ಷಿ ಇಲ್ಲ.

ಕದಿರು ಬಿತ್ತೋ, ನಾನು ಇಟ್ಟೆನೋ, ಕೈ ನಡುಗಿತ್ತೋ ಎಂದು ನೀವು ಕೇಳುತ್ತೀರಿ. ಗೊತ್ತು, ನಿಮ್ಮ ಮೇಲೂ ನನಗೆ ಗುಮಾನಿ ಇದೆ. ನಾಳೆ ಮಂಗಳವಾರ. ನಾನು ಉಪ್ಪಿನಬೆಟಗೇರಿಗೆ ಹೋಗುವುದಿಲ್ಲ. ನೀವೂ ಹೋಗಬೇಡಿ. ಆಕೆ ನೂಲುವಾಗ ಯಾರೂ ಕೈ ನೋಡುವುದು ಬೇಡ.